ಕಡಿಮೆ ಬೆಲೆಯ ಫ್ಲಿಪ್ ಫೋನನ್ನು ನಾನು ಪರೀಕ್ಷಿಸುವ ಬಗೆ

ಕಲಬುರಗಿಯಲ್ಲಿ ಮೊಬೈಲ್ ಮಾರಾಟ ಮತ್ತು ರಿಪೇರಿಯ ಅಂಗಡಿ ನಡೆಸುವ ನನ್ನಲ್ಲಿಗೆ ಐದು ಸಾವಿರ ರೂಪಾಯಿಯೊಳಗಿನ, ಮಡಚುವ ಫ್ಲಿಪ್ ಫೋನ್ ಕೇಳಿಕೊಂಡು ಬರುವವರು ಹೆಚ್ಚಾಗಿ ಊರು ಬಿಟ್ಟು ಪಟ್ಟಣ ಸೇರಿದ ಮಕ್ಕಳು; ಬಳಸಬೇಕಾದವರು ಆಳಂದ, ಚಿಂಚೋಳಿ, ಜೇವರ್ಗಿ ಕಡೆಯ ಹಳ್ಳಿಗಳಲ್ಲಿರುವ ಅವರ ತಂದೆ ತಾಯಂದಿರು. ಆದ್ದರಿಂದ ಹೊಸ ಮಾದರಿಯೊಂದು ಕೈಗೆ ಬಂದಾಗ, ಆ ಹಿರಿಯರು ಕನ್ನಡಕ ಹುಡುಕದೆ ಕರೆಗೆ ಓಗೊಡಬಲ್ಲರೇ ಎಂಬುದನ್ನು ನಾನು ಮೊದಲು ನೋಡುತ್ತೇನೆ.

ತೆರೆದರೆ ಕರೆ ಸ್ವೀಕಾರವಾಗಬೇಕು, ಮುಚ್ಚಿದರೆ ಮುಗಿಯಬೇಕು. 1996ರಲ್ಲಿ ಮೊಟೊರೊಲಾ ಸ್ಟಾರ್‌ಟ್ಯಾಕ್ ಎಂಬ ಫೋನ್ ಬಂದಾಗಿನಿಂದ ಮಡಚುವ ಫೋನಿನ ಆಕರ್ಷಣೆ ಅದರ ಚಿಕ್ಕ ಗಾತ್ರದಲ್ಲಿತ್ತು. ವಯಸ್ಸಾದವರಿಗೆ ಮಾತ್ರ ಅದರ ನಿಜವಾದ ಉಪಯೋಗ ಈ ಒಂದು ಚಲನೆಯಲ್ಲಿದೆ. ಆದರೆ ಎರಡು ಭಾಗಗಳ ನಡುವಿನ ಸಂದಿ ಸಪಾಟಾಗಿದ್ದರೆ, ಹೊಲದ ಕೆಲಸದಿಂದ ಗಡುಸಾಗಿ ಉಗುರು ಸವೆದ ಬೆರಳಿಗೆ ಅಲ್ಲಿ ಹಿಡಿತವೇ ಸಿಗುವುದಿಲ್ಲ. ಅಂಗಡಿಗೆ ಬಂದ ಹಿರಿಯರ ಕೈಗೆ ಫೋನ್ ಕೊಟ್ಟು, ಏನನ್ನೂ ಹೇಳಿಕೊಡದೆ, ಅದಕ್ಕೊಂದು ಕರೆ ಮಾಡಿ ಸುಮ್ಮನೆ ನೋಡುತ್ತೇನೆ. ಒಬ್ಬ ಮುತ್ಯಾ, “ತಮ್ಮಾ, ಇದನ್ನ ತೆರೀಲಾಕ ಎರಡೂ ಕೈ ಬೇಕಲ್ಲೋ, ಕೈಯಾಗ ಕೋಲ ಇದ್ದರ ಹ್ಯಾಂಗ ಮಾಡ್ಲಿ?” ಎಂದು ಕೇಳಿದ ಪ್ರಶ್ನೆಯನ್ನು ಅಂದಿನಿಂದ ಪ್ರತಿ ಮಾದರಿಗೂ ಕೇಳುತ್ತಿದ್ದೇನೆ. ಕೆಲವು ಫೋನುಗಳಲ್ಲಿ ತೆರೆದಾಗ ಕರೆ ತಾನಾಗಿ ಸ್ವೀಕಾರವಾಗುವ ಆಯ್ಕೆಯನ್ನು ಸೆಟ್ಟಿಂಗ್‌ನಲ್ಲಿ ನಾವೇ ಚಾಲೂ ಮಾಡಬೇಕಾಗುತ್ತದೆ. ಅದು ಮೆನುವಿನ ಎಷ್ಟು ಆಳದಲ್ಲಿದೆ ಎಂಬುದನ್ನೂ ಗಮನಿಸುತ್ತೇನೆ.

ರಿಪೇರಿಯ ಮೇಜಿನ ಮೇಲೆ ಕಾಣುವುದು ಮತ್ತೊಂದು ಮುಖ. ಮೇಲಿನ ಪರದೆಗೂ ಕೆಳಗಿನ ಬೋರ್ಡಿಗೂ ಸಂಪರ್ಕ ಕೊಡುವ ತೆಳುವಾದ ಸ್ಟ್ರಿಪ್ ಕೀಲಿನ ಮೂಲಕವೇ ಹಾದುಹೋಗುವುದರಿಂದ, ಪ್ರತಿ ಬಾರಿ ತೆರೆದು ಮುಚ್ಚಿದಾಗಲೂ ಅದು ಬಾಗುತ್ತದೆ. ಮುಚ್ಚಿದ್ದನ್ನು ಫೋನ್ ಗುರುತಿಸುವುದು ಸಾಮಾನ್ಯವಾಗಿ ಒಂದು ಸಣ್ಣ ಅಯಸ್ಕಾಂತ ಮತ್ತು ಅದನ್ನು ಗ್ರಹಿಸುವ ಸೆನ್ಸರಿನಿಂದ. ಕೀಲು ಅಡ್ಡಡ್ಡ ಅಲುಗಾಡುತ್ತಿದ್ದರೆ, ಅರ್ಧ ತೆರೆದಾಗ ಪರದೆ ಮಿನುಗಿದರೆ, ಆ ಮಾದರಿಯನ್ನು ಕೊಳ್ಳಿರೆಂದು ನಾನು ಯಾರಿಗೂ ಹೇಳುವುದಿಲ್ಲ. ತೊಗರಿ ರಾಶಿಯ ಹೊಟ್ಟು, ದಾಲ್ ಮಿಲ್ಲಿನ ದೂಳು, ಶಹಾಬಾದ್ ಕಲ್ಲಿನ ಪುಡಿ ಇವೆಲ್ಲ ಕೀಲಿನ ಸಂದಿಯಲ್ಲಿ ಸೇರುವ ಜಿಲ್ಲೆ ನಮ್ಮದು.

ಕೀಪ್ಯಾಡನ್ನು ಕಣ್ಣು ಮುಚ್ಚಿಕೊಂಡು ಮುಟ್ಟುತ್ತೇನೆ. 5ರ ಗುಂಡಿಯ ಮೇಲಿನ ಉಬ್ಬು ಬೆರಳಿಗೆ ತಿಳಿಯಬೇಕು, ಸಾಲುಗಳ ನಡುವೆ ಏರಿಳಿತವಿರಬೇಕು. ಭಾರತದ 2016ರ ನಿಯಮದಂತೆ ಸಾದಾ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ ತುರ್ತು ಕರೆ ಹೋಗುವ ವ್ಯವಸ್ಥೆ ಇರಬೇಕು. ಆದ್ದರಿಂದ ಸ್ಪೀಡ್ ಡಯಲ್‌ಗೆ, ಅಂದರೆ ಒಂದೇ ಗುಂಡಿ ಒತ್ತಿ ಹಿಡಿದು ಕರೆ ಮಾಡುವ ಸೌಲಭ್ಯಕ್ಕೆ, ಮಗನ ಅಥವಾ ಮಗಳ ನಂಬರ್ ಹಾಕುವ ಮೊದಲು ಆ ಫೋನಿನಲ್ಲಿ ಯಾವ ಗುಂಡಿ ತುರ್ತಿಗೆ ಮೀಸಲಾಗಿದೆ ಎಂದು ತಿಳಿದುಕೊಂಡು, ಅದನ್ನು ಬಿಟ್ಟೇ ನಂಬರುಗಳನ್ನು ಹೊಂದಿಸುತ್ತೇನೆ.

ಕನ್ನಡದ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡುವುದಿಲ್ಲ. ನಮ್ಮ ದೇಶದ ಮಾನಕದ ಪ್ರಕಾರ ಫೋನ್ 22 ಭಾರತೀಯ ಭಾಷೆಗಳ ಸಂದೇಶಗಳನ್ನು ತೋರಿಸಬೇಕು; ಟೈಪ್ ಮಾಡಲು ಮಾತ್ರ ಇಂಗ್ಲಿಷ್, ಹಿಂದಿಯ ಜೊತೆಗೆ ಇನ್ನೊಂದು ಭಾಷೆ ಇದ್ದರೆ ಸಾಕು, ಆ ಇನ್ನೊಂದು ಕನ್ನಡವೇ ಆಗಬೇಕೆಂದಿಲ್ಲ. ಹೀಗಾಗಿ ಮಾರುವ ಮುಂಚೆ ಒತ್ತಕ್ಷರವಿರುವ ಹೆಸರೊಂದನ್ನು ಕನ್ನಡದಲ್ಲಿ ಬರೆದು ಉಳಿಸಲು ಪ್ರಯತ್ನಿಸಿ, ಅದು ಹೊರಗಿನ ಚಿಕ್ಕ ಪರದೆಯಲ್ಲಿ ತುಂಡಾಗದೆ ಕಾಣುತ್ತದೆಯೇ ಎಂದು ನೋಡುತ್ತೇನೆ. ಓದು ಬಾರದವರಿಗೆ ಮಕ್ಕಳೊಬ್ಬೊಬ್ಬರಿಗೂ ಬೇರೆ ಬೇರೆ ರಿಂಗ್‌ಟೋನ್ ಇಟ್ಟುಕೊಡುತ್ತೇನೆ. ಆ ಸೌಲಭ್ಯವಿಲ್ಲದ ಮಾದರಿ ಅವರಿಗೆ ಬೇಡ ಎಂದು ನೇರವಾಗಿ ಹೇಳುತ್ತೇನೆ.

ಸದ್ದನ್ನು ಕೇಂದ್ರ ಬಸ್ ನಿಲ್ದಾಣದ ಗದ್ದಲದಲ್ಲಿ, ಪರದೆಯನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಪರೀಕ್ಷಿಸುವುದು ನನ್ನ ರೂಢಿ. ಜಿಯೊ ಜಾಲ 4ಜಿಯಿಂದಲೇ ಆರಂಭವಾಗಿ 2ಜಿ, 3ಜಿ ಇಲ್ಲದ್ದರಿಂದ, ಆ ಸಿಮ್ ಇರುವವರಿಗೆ 4ಜಿ ಕರೆಯ ಸೌಲಭ್ಯವಿಲ್ಲದ ಅಗ್ಗದ ಫೋನ್ ಕೊಟ್ಟರೆ ಹಣ ವ್ಯರ್ಥ. ಬೇಸಿಗೆಯಲ್ಲಿ ಇಲ್ಲಿನ ತಾಪ 40 ಡಿಗ್ರಿ ದಾಟುತ್ತದೆ; ಲಿಥಿಯಂ ಬ್ಯಾಟರಿಗಳನ್ನು ಸಾಮಾನ್ಯವಾಗಿ 45 ಡಿಗ್ರಿ ಮೀರಿದ ಬಿಸಿಯಲ್ಲಿ ಚಾರ್ಜ್ ಮಾಡಬಾರದಾದ್ದರಿಂದ, ತಗಡಿನ ಸೂರಿನಡಿ ಕಿಟಕಿಯ ಬಳಿ ಚಾರ್ಜಿಗೆ ಇಡಬೇಡಿರೆಂದು ಒತ್ತಿ ಹೇಳುತ್ತೇನೆ. ಕೈಯಿಂದಲೇ ತೆಗೆದು ಬದಲಿಸಬಹುದಾದ ಬ್ಯಾಟರಿ ಇರುವ ಮಾದರಿಗೆ, ಉಳಿದದ್ದೆಲ್ಲ ಸಮವಾಗಿದ್ದಾಗ, ನನ್ನ ಮೊದಲ ಒಲವು. ಬ್ಯಾಟರಿ ಉಬ್ಬಿದಾಗ ಹಳ್ಳಿಯಿಂದ ಮುತ್ಯಾ ಬರಬೇಕಾಗಿಲ್ಲ, ಊರಿನ ಹುಡುಗನೊಬ್ಬ ಬಂದು ಹೊಸದನ್ನು ಕೊಂಡೊಯ್ದರೆ ಸಾಕಾಗುತ್ತದೆ.