ಮೋಡ ಏಳುವ ಮೊದಲು: ಶ್ರೀಲಂಕಾದ ಮೂರು ಬೆಟ್ಟಗಳನ್ನು ನಾವೇ ಯೋಜಿಸಿ ಹತ್ತಿದ್ದು

ಶ್ರೀಲಂಕಾದ ಅತಿ ಎತ್ತರದ ಬೆಟ್ಟ ಪಿದುರುತಲಗಲ, 2,524 ಮೀಟರ್. ನಮ್ಮ ಪಟ್ಟಿಯಿಂದ ಮೊದಲು ಹೊರಗೆ ಹೋಗಿದ್ದೇ ಅದು. ತುದಿಯಲ್ಲಿ ಟಿವಿ ಪ್ರಸಾರದ ಗೋಪುರವಿದೆ, ಸೇನೆಯ ಕಾವಲಿದೆ. ನಮ್ಮ ಇಷ್ಟದಂತೆ ನಡೆದು ಹತ್ತುವ ಬೆಟ್ಟ ಅಲ್ಲ ಅದು. ಆಮೇಲೆ ಉಳಿದವು ಎರಡನೆಯ ಮತ್ತು ಮೂರನೆಯ ಸ್ಥಾನದವು: ಕಿರಿಗಲ್ಪೊತ್ತ ಮತ್ತು ತೊಟುಪೊಲಕಂದ. ಎರಡೂ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನದೊಳಗೆ ಇವೆ. ಇವುಗಳ ಜೊತೆಗೆ ಯಾತ್ರೆಯ ಬೆಟ್ಟ ಶ್ರೀಪಾದ. 2,243 ಮೀಟರಿನ ಶ್ರೀಪಾದ ಎತ್ತರದಲ್ಲಿ ಇವಕ್ಕಿಂತ ಚಿಕ್ಕದು. ಆದರೂ ಅದನ್ನು ಬಿಟ್ಟು ಬರುವ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ.

ಟೂರ್ ಕಂಪನಿ ಇಲ್ಲ, ಪ್ಯಾಕೇಜ್ ಇಲ್ಲ. ನಾನು, ನನ್ನ ಗೆಳೆಯ, ರೈಲು, ಬಸ್ಸು, ಒಂದು ಬಾಡಿಗೆ ವ್ಯಾನು, ಅಷ್ಟೇ. ಇರುವುದು ಒಂದು ವಾರಕ್ಕೂ ಕಡಿಮೆ ರಜೆ. ಹಾಗಾಗಿ ಯೋಜನೆ ಮಾಡುವಾಗ ಒಂದೇ ವಿಷಯ ಹಿಡಿದುಕೊಂಡೆವು: ಬೆಳಗಿನ ಹೊತ್ತು.

ಈ ದ್ವೀಪದ ಬೆಟ್ಟಗಳಲ್ಲಿ ಎತ್ತರ ಅಷ್ಟು ಕಾಡುವುದಿಲ್ಲ. ಎರಡೂವರೆ ಸಾವಿರ ಮೀಟರಿನೊಳಗೆ ಉಸಿರಿನ ತೊಂದರೆ ಬಹಳ ಜನಕ್ಕೆ ಆಗುವುದಿಲ್ಲ. ಕಾಡುವುದು ಮೋಡ. ಸುತ್ತ ಸಮುದ್ರ, ಮೇಲೆ ನೆತ್ತಿಯ ಸೂರ್ಯ. ಬಿಸಿಲೇರಿದಂತೆ ತೇವದ ಗಾಳಿ ಇಳಿಜಾರುಗಳ ಮೇಲೆ ಏರುತ್ತದೆ, ತಣ್ಣಗಾಗಿ ಮೋಡವಾಗುತ್ತದೆ. ಒಳ್ಳೆಯ ಋತುವಿನಲ್ಲೂ ಒಂಬತ್ತು ಹತ್ತು ಗಂಟೆಯ ಹೊತ್ತಿಗೆ ತುದಿಗಳು ಮುಚ್ಚಿಹೋಗುವುದು ಮಾಮೂಲು. ಮಧ್ಯಾಹ್ನದ ಮೇಲೆ ಮಳೆಯೂ ಬರಬಹುದು. ಸಮಭಾಜಕ ವೃತ್ತದ ಹತ್ತಿರ ಇರುವುದರಿಂದ ವರ್ಷವಿಡೀ ಹಗಲು ಹನ್ನೆರಡು ಗಂಟೆಯ ಆಸುಪಾಸಿನಲ್ಲೇ ಇರುತ್ತದೆ, ಸಂಜೆ ಬೇಗ ಕತ್ತಲಾಗುತ್ತದೆ. ಬೇಸಿಗೆಯ ಉದ್ದನೆ ಸಂಜೆಯನ್ನು ನಂಬಿಕೊಂಡು ತಡವಾಗಿ ಹೊರಡುವ ಹಾಗಿಲ್ಲ. ಹಾಗಾಗಿ ಯಾವ ಬೆಳಿಗ್ಗೆ ಯಾವ ತುದಿಯ ಮೇಲೆ ಇರಬೇಕು ಎಂದು ಮೊದಲು ಬರೆದುಕೊಂಡೆವು. ರೈಲು, ರೂಮು, ಊಟ ಎಲ್ಲವನ್ನೂ ಅದಕ್ಕೆ ಹಿಂದಿನಿಂದ ಜೋಡಿಸಿದೆವು.

ತಿಂಗಳು ಆರಿಸುವುದು ಸುಲಭವಾಯಿತು. ಮೇ ತಿಂಗಳಿನಿಂದ ನೈಋತ್ಯ ಮುಂಗಾರು ಈ ಬೆಟ್ಟಗಳ ಪಶ್ಚಿಮದ ಮುಖಕ್ಕೆ ಜೋರಾಗಿ ಹೊಡೆಯುತ್ತದೆ. ಶ್ರೀಪಾದದ ಯಾತ್ರೆ ಡಿಸೆಂಬರ್ ಹುಣ್ಣಿಮೆಗೆ ಶುರುವಾಗಿ ಮೇ ತಿಂಗಳ ವೆಸಾಕ್ ಹುಣ್ಣಿಮೆಗೆ ಮುಗಿಯುತ್ತದೆ. ಆಗ ಮಾತ್ರ ದಾರಿಯುದ್ದಕ್ಕೂ ದೀಪ, ಟೀ ಅಂಗಡಿ, ಜನ. ನಾವು ಫೆಬ್ರವರಿ ಆರಿಸಿದೆವು. ದಿನ ಆರಿಸುವುದರಲ್ಲಿ ಜಾಸ್ತಿ ತಲೆ ಕೆಡಿಸಿಕೊಂಡೆವು. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ರಜೆ. ಪೋಯ ದಿನ ಮತ್ತು ವಾರಾಂತ್ಯದಲ್ಲಿ ಶ್ರೀಪಾದದ ಮೆಟ್ಟಿಲುಗಳ ಮೇಲೆ ಗಂಟೆಗಟ್ಟಲೆ ನಿಂತಲ್ಲೇ ನಿಲ್ಲಬೇಕಾಗುತ್ತದೆ, ಸೂರ್ಯೋದಯ ಸಾಲಿನಲ್ಲೇ ಮುಗಿದುಹೋಗುತ್ತದೆ. ಪೋಯ ಇಲ್ಲದ ವಾರದ ನಡುವಿನ ದಿನ ಹುಡುಕಿ. ಇಡೀ ಯೋಜನೆಯಲ್ಲಿ ನಮಗೆ ಅತಿ ಹೆಚ್ಚು ಫಲ ಕೊಟ್ಟ ನಿರ್ಧಾರ ಇದೇ.

ತಯಾರಿಯಲ್ಲಿ ಎಲ್ಲರೂ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ ಅಲ್ವಾ? ನಾವು ಇಳಿಯುವುದನ್ನು ಅಭ್ಯಾಸ ಮಾಡಿದೆವು. ಶ್ರೀಪಾದಕ್ಕೆ ಹ್ಯಾಟನ್ ಊರಿನ ಕಡೆಯಿಂದ ಹತ್ತುವ ದಾರಿಯಲ್ಲಿ ಸುಮಾರು 5,500 ಮೆಟ್ಟಿಲುಗಳಿವೆ. ಹತ್ತುವಾಗ ದಣಿಯುವುದು ಉಸಿರು, ಇಳಿಯುವಾಗ ದಣಿಯುವುದು ತೊಡೆ. ಪ್ರತಿ ಮೆಟ್ಟಿಲಿಗೂ ತೊಡೆಯ ಮುಂಭಾಗದ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ನೋವು ಮರುದಿನಕ್ಕಿಂತ ಅದರ ಮರುದಿನ ಜಾಸ್ತಿ. ಹೊರಡುವ ಮೊದಲಿನ ವಾರಗಳಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬಹುಮಹಡಿ ಕಟ್ಟಡದ ಮೆಟ್ಟಿಲುಗಳನ್ನು ನಿಧಾನವಾಗಿ ಇಳಿದೆವು. ಲಿಫ್ಟಿನಲ್ಲಿ ಮೇಲೆ ಹೋಗಿ ಮೆಟ್ಟಿಲಲ್ಲಿ ಇಳಿದರೂ ಸಾಕು.

ಪ್ರಯಾಣದ ಭಾಗ ಚುಟುಕಾಗಿ ಹೇಳುತ್ತೇನೆ. ದೇಶದೊಳಗೆ ಪ್ರವೇಶಕ್ಕೆ ಬೇಕಾದ ಇಟಿಎ ಎಂಬ ಅನುಮತಿ ಆನ್‌ಲೈನಿನಲ್ಲೇ ಸಿಗುತ್ತದೆ. ವಿಮಾನ ಇಳಿಯುವುದು ಕೊಲಂಬೊ ಹತ್ತಿರದ ಕಟುನಾಯಕದಲ್ಲಿ. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಬದುಳ್ಳ ಕಡೆಗೆ ಹೋಗುವ ರೈಲು ಹಿಡಿದು ಹ್ಯಾಟನ್‌ನಲ್ಲಿ ಇಳಿಯಬೇಕು. ಕಾಯ್ದಿರಿಸುವ ಸೀಟುಗಳು ಬೇಗ ಮುಗಿದುಹೋಗುತ್ತವೆ. ಸಿಗದಿದ್ದರೆ ಕಾಯ್ದಿರಿಸದ ಬೋಗಿಯಲ್ಲಿ ನಿಂತುಕೊಂಡು ಹೋಗಬಹುದು, ನಾವು ಹೋಗಿದ್ದು ಹಾಗೆಯೇ. ಮಳೆ, ಭೂಕುಸಿತ ಆದಾಗ ಈ ಮಾರ್ಗ ನಿಂತುಹೋಗುತ್ತದೆ, ಹೊರಡುವ ಹಿಂದಿನ ದಿನ ವಿಚಾರಿಸಿ. ಹ್ಯಾಟನ್‌ನಿಂದ ಮಸ್ಕೆಲಿಯ ದಾಟಿ, ಶ್ರೀಪಾದದ ಬುಡದ ಊರು ನಲ್ಲತಣ್ಣಿಗೆ ಬಸ್ಸು. ಟೀ ತೋಟ, ಜಲಾಶಯ, ತಿರುವುಗಳು. ವಾಂತಿ ಬರುವವರು ಮುಂದಿನ ಸೀಟು ಹಿಡಿಯಿರಿ.

ನಲ್ಲತಣ್ಣಿಯಲ್ಲಿ ಸಂಜೆ ಏಳಕ್ಕೇ ಮಲಗಿ, ಎರಡು ಗಂಟೆಗೆ ಎದ್ದು ಹೊರಟೆವು. ಅಲ್ಲಿಂದ ತುದಿಗೆ ಸುಮಾರು ಏಳು ಕಿಲೋಮೀಟರ್, ಏರಿಕೆ ಸಾವಿರ ಮೀಟರಿನಷ್ಟು. ಶುರುವಿನ ಎರಡು ಮೂರು ಕಿಲೋಮೀಟರ್ ಸುಲಭ. ಮಕರ ತೋರಣ, ಜಪಾನಿ ಭಿಕ್ಷುಗಳ ಶಾಂತಿ ಸ್ತೂಪ, ಸೀತ ಗಂಗುಲ ಎಂಬ ತೊರೆ. ಯಾತ್ರಿಕರು ಅಲ್ಲಿ ಕೈಕಾಲು ಮುಖ ತೊಳೆದು ಮುಂದೆ ಹೋಗುತ್ತಾರೆ. ನೀರು ಮಂಜುಗಡ್ಡೆಯ ಹಾಗಿತ್ತು. ಇಂದಿಕಟುಪಾನದ ಹತ್ತಿರ ಜನ ಬಿಳಿ ನೂಲು ಕಟ್ಟಿ ಎಳೆದುಕೊಂಡು ಹೋಗುತ್ತಾರೆ, ಕಂಬಿಗಳ ಮೇಲೆಲ್ಲಾ ನೂಲಿನ ಎಳೆಗಳು. ಅಲ್ಲಿಂದಾಚೆ ಮೆಟ್ಟಿಲು ಕಡಿದಾಗುತ್ತಾ ಹೋಗುತ್ತವೆ. ಕಡೆಯ ಭಾಗದಲ್ಲಿ ಕಂಬಿ ಹಿಡಿಯದೆ ಆಗುವುದಿಲ್ಲ.

ಇದು ಎಷ್ಟೋ ಜನರ ಬೆಟ್ಟ. ಬೌದ್ಧರಿಗೆ ತುದಿಯ ಬಂಡೆಯ ಗುರುತು ಬುದ್ಧನ ಹೆಜ್ಜೆ, ಹಿಂದೂಗಳಿಗೆ ಶಿವನದು, ಮುಸ್ಲಿಮರಿಗೆ ಆದಮನದು. ಇಬ್ನ್ ಬತೂತ 14ನೇ ಶತಮಾನದಲ್ಲಿ ಇಲ್ಲಿ ಹತ್ತಿದಾಗ ಬಂಡೆಗೆ ಕಬ್ಬಿಣದ ಸರಪಳಿ ಹಾಕಿದ್ದರಂತೆ, ಅವನೇ ಹೇಳಿದ್ದಾನೆ. ನಮ್ಮ ಮುಂದೆ ಎಂಬತ್ತರ ಹತ್ತಿರದ ಒಬ್ಬ ಅಜ್ಜಿ ಬರಿಗಾಲಲ್ಲಿ ಹತ್ತುತ್ತಿದ್ದರು. ಇಬ್ಬರು ಮೊಮ್ಮಕ್ಕಳು ಆಚೆ ಈಚೆ ಕೈ ಹಿಡಿದಿದ್ದರು. ಹತ್ತು ಮೆಟ್ಟಿಲು ಹತ್ತಿ, ನಿಂತು, ಒಂದು ಪದ್ಯ ಹಾಡಿ, ಮತ್ತೆ ಹತ್ತು ಮೆಟ್ಟಿಲು. ಅವರ ಹಿಂದೆಯೇ ಒಂದಷ್ಟು ದೂರ ನಡೆದೆವು. ದಾಟಿ ಮುಂದೆ ಹೋಗುವ ಆತುರ ನಮಗೂ ಇರಲಿಲ್ಲ.

ಮುಕ್ಕಾಲು ದಾರಿಯ ಟೀ ಅಂಗಡಿಯಲ್ಲಿ ಕೂತಾಗ ಅಂಗಡಿಯ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಬ್ರಿಟಿಷರ ಕಾಲದಲ್ಲಿ ತೋಟದ ಕೆಲಸಕ್ಕೆ ಬಂದ ತಮಿಳು ಕುಟುಂಬಗಳು ಈ ಕಡೆ ತುಂಬಾ ಇವೆ, ಹಾಗಾಗಿ ನನ್ನ ಅರೆಬರೆ ತಮಿಳು ಕೆಲಸಕ್ಕೆ ಬಂತು. ಬೆಲ್ಲದ ಚೂರು ಕೊಟ್ಟು, ಹಾಲಿಲ್ಲದ ಟೀ ಕೊಟ್ಟು ಅವರು ಹೇಳಿದ್ದು ಇಷ್ಟು: "ಈಗಲೇ ಹೋಗಬೇಡಿ ತಮ್ಮಾ. ಮೇಲೆ ಗಾಳಿ ಇದೆ, ನಿಲ್ಲಲು ಜಾಗ ಇಲ್ಲ. ಇಲ್ಲೇ ಬೆಚ್ಚಗೆ ಕೂತು ಐದಕ್ಕೆ ಹೊರಡಿ." ಬಂಗಾರದಂಥ ಮಾತು. ಬೆವರಿದ ಮೈಯಲ್ಲಿ ತುದಿಗೆ ಬೇಗ ಹೋಗಿ ಎರಡು ಗಂಟೆ ನಡುಗುತ್ತಾ ಕೂತವರನ್ನು ಆಮೇಲೆ ಮೇಲೆ ನೋಡಿದೆವು. ಸಾವಿರ ಮೀಟರ್ ಏರಿದರೆ ಆರು ಡಿಗ್ರಿಗೂ ಸ್ವಲ್ಪ ಜಾಸ್ತಿಯೇ ಚಳಿ ಕೂಡುತ್ತದೆ, ಅದರ ಮೇಲೆ ಗಾಳಿ ಬೇರೆ. ಒದ್ದೆ ಬನಿಯನ್ ಬದಲಾಯಿಸಲು ಒಂದು ಒಣ ಬಟ್ಟೆ, ಗಾಳಿ ತಡೆಯುವ ಜಾಕೆಟ್, ಟೋಪಿ, ಇವು ಚೀಲದ ಮೇಲ್ಭಾಗದಲ್ಲೇ ಇರಲಿ. ತುದಿಯ ಅಂಗಳದಲ್ಲಿ ಚಪ್ಪಲಿ ಹಾಕುವಂತಿಲ್ಲ, ಒಂದು ಜೊತೆ ದಪ್ಪ ಕಾಲುಚೀಲವೂ ಬೇಕು.

ಆರೂವರೆಯ ಹೊತ್ತಿಗೆ ಸೂರ್ಯ ಬಂತು. ಜನರೆಲ್ಲ ಪೂರ್ವದ ಗೋಡೆಗೆ ಒತ್ತಿಕೊಂಡಿದ್ದರು. ನಾವು ಎರಡು ನಿಮಿಷ ನೋಡಿ ಪಶ್ಚಿಮದ ಕಡೆಗೆ ಓಡಿದೆವು. ಅಲ್ಲಿ ಬೆಟ್ಟದ ನೆರಳು ಕೆಳಗಿನ ಮಂಜಿನ ಮೇಲೆ ಕೊರೆದಿಟ್ಟಂಥ ತ್ರಿಕೋನವಾಗಿ ಬಿದ್ದಿತ್ತು. ಬೆಟ್ಟದ ಆಕಾರ ಹೇಗೇ ಇರಲಿ, ಅಷ್ಟು ಉದ್ದ ಚಾಚಿದ ನೆರಳು ದೂರ ಹೋದಂತೆ ಕಿರಿದಾಗಿ ಕಂಡು ತ್ರಿಕೋನವಾಗುತ್ತದೆ. ಸೂರ್ಯ ಮೇಲೇರಿದಂತೆ ಅದು ಬೇಗ ಕುಗ್ಗುತ್ತದೆ. ಪೂರ್ವದಲ್ಲೇ ನಿಂತವರಿಗೆ ಇದು ಸಿಗುವುದಿಲ್ಲ. ಎಷ್ಟು ಸಲ ಹತ್ತಿದ್ದೀರೋ ಅಷ್ಟು ಸಲ ಗಂಟೆ ಹೊಡೆಯುವುದು ಅಲ್ಲಿಯ ವಾಡಿಕೆ. ನಾವು ಒಂದೊಂದು ಸಲ ಹೊಡೆದೆವು. ನಮ್ಮ ಹಿಂದಿದ್ದವರ ಸರದಿ ಬಂದಾಗ ಗಂಟೆ ನಿಲ್ಲಲೇ ಇಲ್ಲ!

ಇಳಿದ ಮೇಲೆ ಅದೇ ದಿನ ನಾನುಓಯ ಎಂಬ ನಿಲ್ದಾಣಕ್ಕೆ ರೈಲು ಹಿಡಿದು ನುವರ ಎಲಿಯ ಊರು ಸೇರಿದೆವು. ಮರುದಿನ ಪೂರ್ತಿ ಸುಮ್ನೆ ಇದ್ದೆವು. ಕಡಿಮೆ ದಿನಗಳ ಪ್ರವಾಸದಲ್ಲಿ ಒಂದು ದಿನ ಖಾಲಿ ಬಿಡಲು ಮನಸ್ಸಾಗುವುದಿಲ್ಲ, ಆದರೆ ಕಿರಿಗಲ್ಪೊತ್ತಕ್ಕೆ ಕಾಲು ಬೇಕು. ಸಸ್ಯಾಹಾರಿಗಳಿಗೊಂದು ಮಾತು: ಇಲ್ಲಿಯ ತೆಂಗಿನಕಾಯಿ ಚಟ್ನಿ ಸಂಬೋಲಕ್ಕೆ, ಎಷ್ಟೋ ತರಕಾರಿ ಪಲ್ಯಗಳಿಗೆ ಒಣಮೀನಿನ ಪುಡಿ ಹಾಕುತ್ತಾರೆ. ಮೊದಲೇ ಕೇಳಿ.

ಹಾರ್ಟನ್ ಪ್ಲೇನ್ಸ್ ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ. ಅಷ್ಟು ಹೊತ್ತಿಗೆ ಅಲ್ಲಿಗೆ ಬಸ್ಸಿಲ್ಲ, ವ್ಯಾನು ಗೊತ್ತುಮಾಡಲೇಬೇಕು. ವಿದೇಶಿಯರ ಟಿಕೆಟ್ ಸ್ಥಳೀಯರದಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಅದರ ಮೇಲೆ ಸೇವಾ ಶುಲ್ಕ, ವಾಹನದ ಶುಲ್ಕ, ತೆರಿಗೆ ಸೇರುತ್ತವೆ. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಹೋಗಿದ್ದು ಇಲ್ಲೇ. ಬಾಗಿಲಲ್ಲಿ ಚೀಲ ತೆಗೆಸಿ ಪ್ಲಾಸ್ಟಿಕ್ ನೋಡುತ್ತಾರೆ. ತಿಂಡಿಯನ್ನು ಡಬ್ಬಿಯಲ್ಲೋ ಕಾಗದದಲ್ಲೋ ಕಟ್ಟಿಕೊಂಡು ಹೋದರೆ ಒಳ್ಳೆಯದು. ಇದು ಸರಿಯಾದ ಕ್ರಮ. ಮಹಾವೇಲಿ, ಕೆಲನಿ, ವಲವೆ ಮೂರೂ ನದಿಗಳಿಗೆ ನೀರು ಹೋಗುವುದು ಈ ಬಯಲಿನಿಂದ.

ಒಳಗೆ ಬಂದವರೆಲ್ಲ ವರ್ಲ್ಡ್ಸ್ ಎಂಡ್ ಕಡೆಗೆ ಹೋಗುತ್ತಾರೆ. 870 ಮೀಟರಿನಷ್ಟು ನೇರ ಇಳಿಯುವ ಬಂಡೆ ಅದು, ನೋಡುವಂಥದ್ದೇ. ಆದರೆ ಇರುವುದು ಒಂದೇ ಬೆಳಿಗ್ಗೆ. ನಾವು ಅದನ್ನು ಬಿಟ್ಟೆವು. ಎರಡು ಬೆಟ್ಟಗಳಲ್ಲಿ ಯಾವುದು ಮೊದಲು ಅನ್ನುವುದೂ ಪ್ರಶ್ನೆ. ತೊಟುಪೊಲಕಂದ ಗಿಡ್ಡ ದಾರಿ, ಪಟ್ಟಿಪೊಲ ಬಾಗಿಲಿನ ಹತ್ತಿರವೇ ಶುರು. ಅದನ್ನು ಮೊದಲು ಮುಗಿಸಿದರೆ ಎರಡು ತುದಿಯಲ್ಲಿ ಒಂದರಿಂದಾದರೂ ಒಳ್ಳೆ ನೋಟ ಖಚಿತ ಎಂದು ಗೆಳೆಯ ವಾದಿಸಿದ. ನಾನು ಒಪ್ಪಲಿಲ್ಲ. ಕಿರಿಗಲ್ಪೊತ್ತಕ್ಕೆ ಒಂದು ಕಡೆಗೇ ಏಳು ಕಿಲೋಮೀಟರಿನಷ್ಟು, ದಾರಿ ಅಲ್ಲಲ್ಲಿ ಮಸುಕು. ಮೋಡದೊಳಗೆ ದಾರಿ ತಪ್ಪುವ ಬೆಟ್ಟವನ್ನು ಬಿಸಿಲಿನಲ್ಲಿ, ದಾರಿ ತಪ್ಪದ ಬೆಟ್ಟವನ್ನು ಮೋಡದಲ್ಲಿ ಹತ್ತಬೇಕು. ಫೋನಿನಲ್ಲಿ ಆಫ್‌ಲೈನ್ ನಕ್ಷೆ ಇಳಿಸಿಕೊಂಡು, ಸಂದರ್ಶಕರ ಕೇಂದ್ರದಲ್ಲಿ ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಹೇಳಿ ಹೊರಟೆವು.

ಮೊದಲು ಇಬ್ಬನಿ ಬಿದ್ದ ಹುಲ್ಲುಬಯಲು. ಫೆಬ್ರವರಿಯಲ್ಲಿ ಇಲ್ಲಿ ಇಬ್ಬನಿ ಹೆಪ್ಪುಗಟ್ಟಿ ಬಿಳಿ ಪುಡಿಯಾಗುವುದೂ ಉಂಟು. ಸಂಬಾರ್ ಕಡವೆಗಳು ತಲೆಯೆತ್ತಿ ನೋಡಿ ಮತ್ತೆ ಮೇಯಲು ಶುರುಮಾಡಿದವು. ಆಮೇಲೆ ಜವುಗು. ಕಪ್ಪು ಕೆಸರಿನಲ್ಲಿ ಕಾಲು ಮೀನಖಂಡದವರೆಗೂ ಇಳಿಯುತ್ತದೆ, ಹುಲ್ಲಿನ ದಿಬ್ಬಗಳ ಮೇಲೆ ಕಾಲಿಟ್ಟು ದಾಟಬೇಕು. ಮುಂದೆ ಕುಳ್ಳ ಬಿದಿರು, ಪಾಚಿ ಹೊದ್ದ ಗಿಡ್ಡ ಮರಗಳ ಕಾಡು, ನಡುನಡುವೆ ಕೆಂಪು ಹೂವಿನ ರೋಡೋಡೆಂಡ್ರಾನ್. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ಜೀವವೈವಿಧ್ಯದ ಲೆಕ್ಕದಲ್ಲಿ ಒಂದೇ ತಾಣವಾಗಿ ಯಾಕೆ ಎಣಿಸುತ್ತಾರೆ ಎಂದು ಇಲ್ಲಿ ನಡೆದರೆ ಗೊತ್ತಾಗುತ್ತದೆ. ಶೋಲಾ ಕಾಡು ನೋಡಿದ ಕಣ್ಣಿಗೆ ಏನೂ ಹೊಸತಲ್ಲ, ಆದರೂ ಗಿಡ, ಹಕ್ಕಿ ಸ್ವಲ್ಪ ಸ್ವಲ್ಪ ಬೇರೆ.

ಮೂರು ಗಂಟೆಗೂ ಸ್ವಲ್ಪ ಮೇಲೆ ಹಿಡಿಯಿತು. ತುದಿ ಅಂದರೆ ಗಿಡಗಳ ನಡುವೆ ಒಂದಿಷ್ಟು ಬಯಲು ಜಾಗ. ಗುಡಿ ಇಲ್ಲ, ಟೀ ಇಲ್ಲ, ನಮ್ಮಿಬ್ಬರನ್ನು ಬಿಟ್ಟರೆ ಯಾರೂ ಇಲ್ಲ. ದೇಶದಲ್ಲಿ ಸಾಮಾನ್ಯ ಜನ ನಡೆದು ತಲುಪಬಹುದಾದ ಅತಿ ಎತ್ತರದ ತುದಿ ಇದು. ಹತ್ತು ನಿಮಿಷ ಪಶ್ಚಿಮದ ಬೆಟ್ಟಸಾಲು ಸ್ವಚ್ಛವಾಗಿ ಕಂಡಿತು. ಶ್ರೀಪಾದದ ಮೂಗು ಯಾವುದು ಎಂದು ಗುರುತು ಹಿಡಿದು ಕೂಗಿದ್ದೂ ಆಯಿತು. ಅಷ್ಟರಲ್ಲಿ ಕೆಳಗಿನಿಂದ ಮೋಡ ಏಳಲು ಶುರುವಾಯಿತು. ತಿಂಡಿಯನ್ನು ಅರ್ಧಕ್ಕೇ ಕಟ್ಟಿ ಇಳಿದೆವು. ಕಾಡಿನ ಭಾಗ ದಾಟುವ ಹೊತ್ತಿಗೆ ಹಿಂದೆ ಏನೂ ಕಾಣುತ್ತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ತೊಟುಪೊಲಕಂದ ಹತ್ತಿದೆವು. ಎರಡು ಕಿಲೋಮೀಟರಿನ ಆಸುಪಾಸಿನ ಸ್ಪಷ್ಟ ದಾರಿ. ತುದಿಯಲ್ಲಿ ನಿರೀಕ್ಷಿಸಿದಂತೆಯೇ ಪೂರ್ತಿ ಬಿಳಿ. ಸಮಯ ಒಂದೇ ಬೆಟ್ಟಕ್ಕೆ ಸಾಲುವಂತಿದ್ದರೆ, ಕಾಡಿನಲ್ಲಿ ನಡೆದು ಅಭ್ಯಾಸ ಇಲ್ಲದವರಿದ್ದರೆ, ಬೆಳಿಗ್ಗೆ ಆರೂಕಾಲಕ್ಕೆ ಇದನ್ನೇ ಹತ್ತಿ. ಮಂಡಿ ಗಟ್ಟಿ ಇದ್ದು ದಿನ ಪೂರ್ತಿ ಕೈಯಲ್ಲಿದ್ದರೆ ಕಿರಿಗಲ್ಪೊತ್ತ. ಎರಡಕ್ಕೂ ಒಂದೇ ಟಿಕೆಟಿನ ದಿನ ಸಾಕು, ಬಾಗಿಲು ತೆರೆಯುವಾಗ ನೀವು ಅದರ ಮುಂದೆ ನಿಂತಿರಬೇಕು ಅಷ್ಟೇ.