ಒಂದೂವರೆ ದಿನದಲ್ಲಿ ಎಂ-3 ದಾಟಿದ್ದು

ಶನಿವಾರ ಸಂಜೆ ಆಲೂರಿನಿಂದ ಬಂದು ಹಾಸನದಲ್ಲಿ ಇಳಿದಾಗ ಉಳಿದಿದ್ದು ಒಂದೂವರೆ ದಿನ. ಸೋಮವಾರ ಬೆಳಿಗ್ಗೆ ಎಂ-3, ಅಂದರೆ ಇಂಜಿನಿಯರಿಂಗ್ ಮೂರನೇ ಸೆಮಿಸ್ಟರ್‌ನ ಗಣಿತ ಪೇಪರ್. ಹನ್ನೆರಡು ದಿನ ಊರಲ್ಲಿ ಆಲೂಗಡ್ಡೆ ಬಿತ್ತನೆ. ಆಳು ಸಿಕ್ಕಿರಲಿಲ್ಲ, ಪುಸ್ತಕ ಬ್ಯಾಗಿನಿಂದ ಆಚೆ ಬಂದಿರಲಿಲ್ಲ. ರೂಮ್‌ಮೇಟ್ ನನ್ನ ಉಗುರಿನ ಮಣ್ಣು ನೋಡಿ, "ಸುಮ್ನೆ ಯಾಕೆ ಹೋಗ್ತೀಯ ಮಗಾ, ಮುಂದಿನ ಸಲ ಬರಿ" ಅಂದ.

ಅವನದೇನೂ ತಪ್ಪಿಲ್ಲ. ಆಗಲೇ ಮೂರು ಸಲ ಕೂತಿದ್ದೆ. ಮೊದಲ ಸಲ ಮೊದಲ ಪಾಠ ಲ್ಯಾಪ್ಲಾಸ್‌ನಿಂದಲೇ ನಿಯತ್ತಾಗಿ ಶುರು ಮಾಡಿದೆ, ಫೋರಿಯರ್ ಮುಗಿಯೋದ್ರೊಳಗೆ ಪರೀಕ್ಷೆ ಬಂತು. ಅರವತ್ತಕ್ಕೆ 14. ಎರಡನೇ ಸಲ 18. ಆ ಕಥೆ ಆಮೇಲೆ ಹೇಳ್ತೀನಿ. ಮೂರನೇ ಸಲ ಟ್ಯೂಷನ್‌ಗೆ 3,500 ಕೊಟ್ಟು, ಪಠ್ಯದ ಐದೂ ಭಾಗ, ಅಂದರೆ ಐದೂ ಮಾಡ್ಯೂಲ್ ಓದಿ, ಹಿಂದಿನ ರಾತ್ರಿ ನಿದ್ದೆಗೆಟ್ಟು ಹೋದೆ. ಹಾಲ್‌ನಲ್ಲಿ ಕಣ್ಣು ಎಳೀತಿತ್ತು. 19 ಬಂತು. 21 ಬಂದಿದ್ದರೆ ಪಾಸು, ಕಾಲೇಜು ಕೊಡೋ ಇಂಟರ್ನಲ್ಸ್ ಮಾರ್ಕ್ಸ್ ಸಾಕಷ್ಟಿತ್ತು. ಉತ್ತರಪತ್ರಿಕೆಯ ಫೋಟೋಕಾಪಿ, ರೀವ್ಯಾಲ್ಯುಯೇಶನ್ ಅಂತ ಇನ್ನೊಂದು ಸಾವಿರದ ಚಿಲ್ಲರೆ ಹೋಯಿತು, ಮಾರ್ಕ್ಸ್ ಅಲ್ಲಾಡಲಿಲ್ಲ. ಬಸ್ಸು, ಜೆರಾಕ್ಸು, ಪರೀಕ್ಷೆ ಫೀಸು ಎಲ್ಲಾ ಸೇರಿಸಿದರೆ ಆರೇಳು ಸಾವಿರ ಕರಗಿತ್ತು. ಅಪ್ಪ ಅದನ್ನೂ ಆಲೂಗಡ್ಡೆ ಲೆಕ್ಕದಲ್ಲೇ ಹೇಳೋರು: "ನಾಲ್ಕು ಮೂಟೆ ಬೀಜ ಹೋಯ್ತಲ್ಲೋ."

ಆ ಶನಿವಾರ ರಾತ್ರಿ ನಾನು ಪುಸ್ತಕ ತೆಗೆಯಲೇ ಇಲ್ಲ. ಹಳೇ ಆರು ಪೇಪರ್ ನೆಲದ ಮೇಲೆ ಹಾಸಿದೆ. ಕ್ಯಾಲ್ಕುಲೇಟರ್ ಒತ್ತಿದರೆ ಬರೋ ಲೆಕ್ಕಕ್ಕೆಲ್ಲ ಟಿಕ್ ಹಾಕಿದೆ. ನಾಲ್ಕನೇ ಮಾಡ್ಯೂಲ್ ಪೂರ್ತಿ ಟಿಕ್: ಟೇಲರ್, ಮಾಡಿಫೈಡ್ ಆಯ್ಲರ್, ಆರ್‌ಕೆ (ರುಂಗೆ-ಕುಟ್ಟ), ಮಿಲ್ನೆ, ಎಲ್ಲಾ ಸೂತ್ರಕ್ಕೆ ಅಂಕಿ ಹಾಕಿ ಉತ್ತರದ ಹತ್ತಿರ ಹೋಗೋ ವಿಧಾನಗಳು. ಅಲ್ಲೇ 20 ಮಾರ್ಕ್ಸ್. ಐದರಲ್ಲಿ ಎರಡನೇ ಆರ್ಡರ್ ಮಿಲ್ನೆ, ಜೊತೆಗೆ ಸಮತಲದ ಮೇಲೆ ಎರಡು ಬಿಂದುಗಳ ನಡುವೆ ಸರಳರೇಖೆಯೇ ಹತ್ತಿರದ ದಾರಿ ಅಂತ ಸಾಧಿಸೋದು. ದನ ಕಾಯೋ ಹುಡುಗನಿಗೂ ಗೊತ್ತಿರೋ ವಿಷಯಕ್ಕೆ ಆರೇಳು ಮಾರ್ಕ್ಸ್! ಎರಡನೇ ಮಾಡ್ಯೂಲ್‌ನಲ್ಲಿ ಹಾರ್ಮೋನಿಕ್ ಅನಾಲಿಸಿಸ್, ಅದೂ ಬರೀ ಟೇಬಲ್ ತುಂಬೋದು. ಮೂರರಿಂದ ಝಡ್ ಟ್ರಾನ್ಸ್‌ಫಾರ್ಮ್‌ನ ಡಿಫರೆನ್ಸ್ ಈಕ್ವೇಶನ್ ಒಂದು. ಲ್ಯಾಪ್ಲಾಸ್‌ಗೆ ಕೈ ಮುಗಿದೆ. ಕೂಡಿದರೆ ನೂರಕ್ಕೆ 47ರ ಹತ್ತಿರ ಬಂತು. ಬೇಕಾಗಿದ್ದು 35. ಪೇಪರ್ ನೂರಕ್ಕೆ ಇರ್ತಿತ್ತು, ಆಮೇಲೆ ಅರವತ್ತಕ್ಕೆ ಇಳಿಸ್ತಿದ್ದರು, ಆ 35 ಅಂದರೆ ಅದೇ 21.

ಭಾನುವಾರ ಹಗಲೆಲ್ಲ ಇಷ್ಟೇ. ಓದಲಿಲ್ಲ, ಒತ್ತಿದೆ. ಒಂದೊಂದು ಬಗೆಗೆ ನಾಲ್ಕೈದು ಲೆಕ್ಕ, ಗಡಿಯಾರ ಇಟ್ಟುಕೊಂಡು. ಮಿಲ್ನೆ ಮೊದಲು ಅರ್ಧ ಗಂಟೆ ಹಿಡೀತು, ಸಂಜೆಗೆ ಹದಿನೈದು ನಿಮಿಷಕ್ಕೆ ಇಳೀತು.

ಈಗ ಎರಡನೇ ಸಲದ ಕಥೆ. ಲೆಕ್ಕದಲ್ಲಿ ಎಕ್ಸ್ ಪ್ಲಸ್ ಸೈನ್ ವೈ ಇತ್ತು, ವೈ ಶುರುವಾಗೋದು 1ರಿಂದ. ಸೈನ್ 1 ಅಂದರೆ 0.8415 ಬರಬೇಕು. ನನಗೆ 0.0175 ಬಂತು. ಕ್ಯಾಲ್ಕುಲೇಟರ್ ಕೋನವನ್ನ ರೇಡಿಯನ್‌ನಲ್ಲಿ ಹಿಡಿಯೋ ಮೋಡ್ ಬದಲು ಡಿಗ್ರಿ ಮೋಡ್‌ನಲ್ಲಿತ್ತು, ನಾನು ಗಮನಿಸಲೇ ಇಲ್ಲ. ಎರಡು ಪುಟ ಮುತ್ತಿನಂಥ ಅಕ್ಷರದಲ್ಲಿ ತಪ್ಪು ಉತ್ತರ ಬರೆದಿಟ್ಟು ಬಂದೆ. ಹಾಗಂತ ರೇಡಿಯನ್‌ನಲ್ಲೇ ಬಿಟ್ಟರೆ ಹಾರ್ಮೋನಿಕ್ ಅನಾಲಿಸಿಸ್ ಕೆಡುತ್ತೆ, ಅಲ್ಲಿ 60, 120, 180 ಅಂತ ಡಿಗ್ರಿಯಲ್ಲೇ ಕೊಟ್ಟಿರುತ್ತಾರೆ. ಅದಕ್ಕೇ ಈ ಸಲ ಲೆಕ್ಕ ಬದಲಾದಾಗಲೆಲ್ಲ ಮೊದಲು ಸೈನ್ 1 ಒತ್ತಿ ನೋಡಿದೆ.

ಈ ನಾಲ್ಕು ಸಲದ ನಡುವೆ ಒಂದಿಷ್ಟು ಹುಚ್ಚಾಟವೂ ಆಯಿತು. ಮಿಲ್ನೆ ಸೂತ್ರ ನನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿ ಒಂದು ಸಲ ಊರಿಂದ ಬರುವ ಬಸ್ಸಿನಲ್ಲಿ ಕೇಳಿಕೊಂಡು ಬಂದಿದ್ದೆ. ಇಯರ್‌ಫೋನ್ ಒಂದು ಕಿವಿ ಸತ್ತಿತ್ತು, ಸ್ಪೀಕರ್‌ನಲ್ಲೇ ಹಾಕಿದ್ದೆ. "ವೈ ನಾಟ್ ಪ್ಲಸ್ ಫೋರ್ ಎಚ್ ಬೈ ತ್ರೀ..." ಪಕ್ಕದ ಅಜ್ಜ, "ಯಾವ ದೇವ್ರ ಮಂತ್ರ ಮಗಾ?" ಅಂತ ಕೇಳಿದರು. ಆ ಸೂತ್ರ ಇವತ್ತಿಗೂ ಮರೆತಿಲ್ಲ. ಸ್ಟ್ರಾಂಗ್ ಕಾಫಿ ಪ್ರಯೋಗ ಮಾತ್ರ ಬೇಡ. ಮೂರನೇ ಸಲ ರಾತ್ರಿ ಒಂದು ಗಂಟೆಗೆ ಸಕಲೇಶಪುರದ ಪುಡಿ ಹಾಕಿ ಮೂರು ಲೋಟ ಇಳಿಸಿದ್ದೆ. ಬೆಳಿಗ್ಗೆ ಕೈ ನಡುಗಿ ಸೊನ್ನೆಯೂ ಆರೂ ಒಂದೇ ಥರ ಕಾಣ್ತಿತ್ತು. ಈ ಸಲ ಹತ್ತೂವರೆಗೇ ಮಲಗಿದೆ.

ಹಾಲ್‌ನಲ್ಲಿ ನಾಲ್ಕನೇ ಮಾಡ್ಯೂಲ್‌ನಿಂದ ಶುರು ಮಾಡಿದೆ. ಮೊದಲು ಸೂತ್ರ, ಅದಕ್ಕೊಂದು ಬಾಕ್ಸ್, ಆಮೇಲೆ ಟೇಬಲ್. ಝಡ್ ಲೆಕ್ಕ ಅರ್ಧಕ್ಕೇ ನಿಂತಿತು, ಪಾರ್ಶಿಯಲ್ ಫ್ರಾಕ್ಷನ್ ಕೈಕೊಟ್ಟಿತು. ಲ್ಯಾಪ್ಲಾಸ್‌ಗೂ ಸುಮ್ನೆ ಡೆಫಿನಿಷನ್ ಬರೆದು ಬಂದೆ. ಒಂದೊಂದು ಮಾಡ್ಯೂಲ್‌ಗೂ ಕೊಡೋ ಎರಡೆರಡು ಪ್ರಶ್ನೆಯಲ್ಲಿ ಯಾವುದು ಹಿಡೀಬೇಕು ಅನ್ನೋದಕ್ಕೆ ನನ್ನದೊಂದು ಲೆಕ್ಕಾಚಾರ ಇದೆ, ಅದನ್ನ ಮಾತ್ರ ಇಲ್ಲಿ ಹೇಳಲ್ಲ. ಮಾವನ ಮಗನಿಗೂ ಇದೇ ಪೇಪರ್ ಬಾಕಿ ಇದೆ.

28 ಬಂತು. ರೂಮ್‌ಮೇಟ್ ಎರಡು ಸಲ ರಿಜಿಸ್ಟರ್ ನಂಬರ್ ಹಾಕಿ ನೋಡಿದ. ಅಪ್ಪನಿಗೆ ಫೋನ್ ಮಾಡಿದೆ. "ನೂರಕ್ಕಾ?" ಅಂದರು. "ಅರವತ್ತಕ್ಕೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಭಾನುವಾರ ಬಾ, ಕಳೆ ತೆಗೀಬೇಕು" ಅಂದರು.

ಕ್ಯಾಲ್ಕುಲೇಟರ್ ಈಗ ಮಾವನ ಮಗನ ಹತ್ತಿರ ಇದೆ. ಯಾವ ಮೋಡ್‌ನಲ್ಲಿಟ್ಟು ಕೊಟ್ಟಿದ್ದೀನಿ ಅಂತ ಹೇಳಿಲ್ಲ.