ಕುನ್ನಿ ಆರಾಮಿದ್ದಾಗಲೇ ದವಾಖಾನೆಗೆ

ಹೋದ ವಾರ ನಮ್ಮ ಓಣಿಯ ಹುಡುಗಿಯೊಬ್ಬಳು ಕುನ್ನಿಮರಿ ತಂದಳು. ರಟ್ಟಿನ ಡಬ್ಬಿಯಲ್ಲಿ ಇಟ್ಟುಕೊಂಡು ಸೀದಾ ನಮ್ಮ ಕಟ್ಟೆಗೇ ಬಂದಳು. ಎರಡು ತಿಂಗಳಿನದು ಇರಬೇಕು. ‘ಸೂಜಿ ಮಾಡಿಸಿದ್ಯೇನವ್ವ?’ ಅಂದೆ. ‘ಆರಾಮ ಅದಲ್ಲ ಮುತ್ಯಾ, ಆರಾಮ ಇಲ್ದಾಗ ಹೋದ್ರಾಯ್ತು’ ಅಂದಳು.

ಈ ಮಾತು ನಾನೂ ಒಮ್ಮೆ ಆಡಿದ್ದೆ. ಆಗ ಕೆಂಚ ಅಂತ ಮೂರು ತಿಂಗಳ ಮರಿ ಇತ್ತು. ಬೆಳಿಗ್ಗೆ ವಾಂತಿ, ಸಂಜೆಗೆ ರಕ್ತಭೇದಿ. ದವಾಖಾನೆಗೆ ಒಯ್ದೆ, ಸಲೈನ್ ಹಚ್ಚಿದರು, ಮೂರನೇ ದಿನ ಹೋಯಿತು. ಪಾರ್ವೋ ಅಂದರು, ಮರಿಗಳ ಕರುಳಿಗೆ ಬಡಿಯುವ ವೈರಸ್ ರೋಗ. ಫಿನಾಯಿಲ್ ಹಾಕಿ ಮನೆ ತೊಳೆದು, ಎರಡು ತಿಂಗಳಿಗೆ ಇನ್ನೊಂದು ಮರಿ ತಂದೆ. ಅದಕ್ಕೂ ಅದೇ ಬಂತು. ಆ ವೈರಸ್ ಮಣ್ಣಿನಲ್ಲಿ, ಮೂಲೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಫಿನಾಯಿಲಿಗೆ ಜಗ್ಗುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಬಟ್ಟೆಗೆ ಹಾಕುವ ಬ್ಲೀಚ್ ಒಂದು ಪಾಲಿಗೆ ನೀರು 30 ಪಾಲು ಬೆರೆಸಿ, ಹತ್ತು ನಿಮಿಷ ಬಿಟ್ಟು ತೊಳೆಯಬೇಕು.

ಅದಕ್ಕೇ ಹೇಳುವುದು, ಮರಿಗೆ ಆರರಿಂದ ಎಂಟು ವಾರ ಆದಾಗ ಈ ರೋಗ ತಡೆಯುವ ಮೊದಲ ಸೂಜಿ. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ಒಂದೇ ಸಲ ಸಾಲದೇ ಅಂತ ಕೇಳುತ್ತಾರೆ. ತಾಯಿ ಹಾಲಿನಿಂದ ಬಂದ ರೋಗ ತಡೆಯುವ ಶಕ್ತಿ ಮೈಯಲ್ಲಿ ಇರುವತನಕ ಸೂಜಿ ಸರಿಯಾಗಿ ಹತ್ತುವುದಿಲ್ಲ. ಆ ಶಕ್ತಿ ಯಾವಾಗ ಇಳಿಯುತ್ತದೆ ಅಂತ ಹೇಳಲು ಬರುವುದಿಲ್ಲ, ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ ಮತ್ತೆ ಮತ್ತೆ. ಇದು ಮುಗಿಯುವತನಕ ಮರಿಯನ್ನು ಬೀದಿಗೆ ಬಿಡಬೇಡಿ. ಜಂತಿನ ಔಷಧ ಹದಿನೈದು ದಿನಕ್ಕೊಮ್ಮೆ ಮೂರು ತಿಂಗಳತನಕ, ತಿಂಗಳಿಗೊಮ್ಮೆ ಆರು ತಿಂಗಳತನಕ, ಆಮೇಲೆ ಮೂರು ತಿಂಗಳಿಗೊಮ್ಮೆ. ಎಷ್ಟು ಅನ್ನುವುದನ್ನು ತೂಕ ನೋಡಿ ಡಾಕ್ಟರೇ ಹೇಳಲಿ. ಅಂಗಳದಲ್ಲಿ ಆಡುವ ಮೊಮ್ಮಕ್ಕಳಿದ್ದರೆ ಇದನ್ನು ತಪ್ಪಿಸಲೇಬೇಡಿ. ನಾಯಿಯ ಜಂತು ಮಕ್ಕಳಿಗೂ ದಾಟುತ್ತದೆ.

ಇನ್ನು ಉಣ್ಣಿ. ಕಲಬುರಗಿಯಲ್ಲಿ ನಾಯಿ ಸಾಕುವವರಿಗೆ ಇದಕ್ಕಿಂತ ದೊಡ್ಡ ತಲೆನೋವು ಇಲ್ಲ. ನಮ್ಮ ಹಳೇ ಮನೆಗಳಿಗೆಲ್ಲ ಶಹಾಬಾದ್ ಕಲ್ಲಿನ ಪರ್ಸಿ. ಕಾಲಿಗೆ ತಂಪು, ಕಣ್ಣಿಗೆ ಚೆಂದ, ಆದರೆ ಕಲ್ಲು ಕಲ್ಲಿನ ನಡುವೆ ಸಂದಿ. ನೀವು ನಾಯಿಯ ಮೈಮೇಲೆ ಹುಡುಕುತ್ತೀರಿ, ಅದು ಮಾತ್ರ ಸಂದಿಯಲ್ಲಿ ಸಂಸಾರ ಹೂಡಿರುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ಉದುರಿ, ಸಂದಿ ಸೇರಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಮರಿಗಳೂ ಒಂದೊಂದು ಹಂತಕ್ಕೆ ರಕ್ತ ಕುಡಿದು ಕೆಳಗೆ ಇಳಿದು, ಪೊರೆ ಕಳಚಿ ಮತ್ತೆ ಹತ್ತುತ್ತವೆ. ನಾಯಿಗೆ ಮಾತ್ರ ಔಷಧ ಹಾಕಿ ಮನೆಗೆ ಹಾಕದೆ ಬಿಟ್ಟರೆ ಸುಮ್ನೆ ದುಡ್ಡು ದಂಡ. ಎರಡನ್ನೂ ಒಂದೇ ದಿನ ಮಾಡಬೇಕು. ನಾನು ಸಂದಿಗಳಿಗೆಲ್ಲ ಸಿಮೆಂಟ್ ತುಂಬಿಸಿದೆ. ಮಗ ನಕ್ಕ, ಆದರೆ ಮುಂದಿನ ಬೇಸಿಗೆಗೆ ಉಣ್ಣಿ ಅರ್ಧಕ್ಕರ್ಧ ಕಡಿಮೆ.

ದಿನಾ ಸಂಜೆ ಕಿವಿ ಒಳಗೆ, ಬೆರಳ ಸಂದಿ, ಕಂಕುಳು, ಬೆಲ್ಟಿನ ಕೆಳಗೆ ಕೈಯಾಡಿಸಿ. ಸಿಕ್ಕರೆ ಚಿಮಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರಕ್ಕೆ ಎಳೆಯಿರಿ. ಕಡ್ಡಿ ಗೀರಿ ಸುಡುವುದು, ಸೀಮೆಎಣ್ಣೆ ಸುರಿಯುವುದು ಬೇಡ. ತೊಗರಿಗೆ ಹೊಡೆಯುವ ಹುಳದ ಎಣ್ಣೆಯನ್ನು (ಕೀಟನಾಶಕ) ನೀರಿಗೆ ಬೆರೆಸಿ ನಾಯಿ ಮೈಗೆ ಹಚ್ಚುವವರನ್ನೂ ನೋಡಿದ್ದೇನೆ. ನಾಯಿ ಮೈ ನೆಕ್ಕುತ್ತದೆ, ವಿಷ ಹೊಟ್ಟೆಗೇ ಹೋಗುತ್ತದೆ. ಉಣ್ಣಿ ಇದ್ದ ನಾಯಿಗೆ ಜ್ವರ ಬಂದು, ಊಟ ಬಿಟ್ಟು, ಒಸಡು ಬಿಳಿಚಿಕೊಂಡರೆ ನಾಳೆ ನೋಡೋಣ ಅನ್ನಬೇಡಿ. ಉಣ್ಣಿಯಿಂದ ಹರಡುವ ರಕ್ತದ ರೋಗ ಇರಬಹುದು.

ಶರಣಬಸವೇಶ್ವರ ಜಾತ್ರೆ ಮುಗಿಯಿತು ಅಂದರೆ ನಮ್ಮಲ್ಲಿ ಬಿಸಿಲು ನೆತ್ತಿಗೇರುತ್ತದೆ. 40 ಡಿಗ್ರಿ ದಾಟುತ್ತದೆ. ನಾಯಿಗೆ ನಮ್ಮ ಹಾಗೆ ಮೈತುಂಬ ಬೆವರಿ ತಣ್ಣಗಾಗಲು ಬರುವುದಿಲ್ಲ, ತೇಕುವುದೇ ಮುಖ್ಯ ದಾರಿ. ಹೊರಗೆ ಒಯ್ಯುವ ಮೊದಲು ಹಿಂಗೈಯನ್ನು ನೆಲಕ್ಕೆ ಇಟ್ಟು ಏಳರತನಕ ಎಣಿಸಿ. ನಿಮಗೆ ತಡೆಯದಿದ್ದರೆ ಅದರ ಪಾದಕ್ಕೂ ತಡೆಯದು. ಜೊಲ್ಲು ಸುರಿಸಿ ತೂರಾಡಿದರೆ ನೆರಳಿಗೆ ತಂದು, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸುತ್ತಾ ದವಾಖಾನೆಗೆ ಓಡಿ. ಐಸ್ ನೀರು ಬೇಡ.

ಹುಚ್ಚುನಾಯಿ ರೋಗದ ಸೂಜಿ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಹಾಗೆ ವರ್ಷ ವರ್ಷ. ಬೆಕ್ಕಿಗೂ ಬೇಕು. ಸೆಪ್ಟೆಂಬರ್ 28 ರೇಬೀಸ್ ದಿನ, ಆ ಸುಮಾರಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುವುದುಂಟು, ವಿಚಾರಿಸಿ. ನಿಮ್ಮ ನಾಯಿಯೇ ಇರಲಿ, ಕಚ್ಚಿದರೆ ಅರಿಶಿನ, ಖಾರದಪುಡಿ, ಸುಣ್ಣ ಏನೂ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ರೋಗದ ಲಕ್ಷಣ ಶುರುವಾದ ಮೇಲೆ ಉಳಿಯುವವರು ಇಲ್ಲವೇ ಇಲ್ಲ ಅನ್ನಬೇಕು.

ಊಟಕ್ಕೆ ಜೋಳದ ರೊಟ್ಟಿ, ಮೊಸರು, ಮೊಟ್ಟೆ ಏನೂ ತೊಂದರೆಯಿಲ್ಲ. ಆದರೆ ಬೆಳ್ಳುಳ್ಳಿ ಹಾಕಿದ ಶೇಂಗಾ ಹಿಂಡಿ, ಉಳ್ಳಾಗಡ್ಡಿ ಪಲ್ಯ ಬೇಡ, ರಕ್ತ ಕೆಡುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕುತ್ತು. ಬೆಕ್ಕಿಗೆ ಜ್ವರ ಅಂತ ಪ್ಯಾರಸಿಟಮಾಲ್ ಚೂರು ಮಾಡಿ ಹಾಕಿದರೆ ಬೆಕ್ಕು ಸಾಯುತ್ತದೆ. ನಾಯಿಯ ಉಣ್ಣಿ ಔಷಧವನ್ನೂ ಕೇಳದೆ ಬೆಕ್ಕಿಗೆ ಹಚ್ಚಬೇಡಿ, ಅದರಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇದ್ದರೆ ಬೆಕ್ಕಿಗೆ ಅದು ವಿಷ.

ಹುಡುಗಿ ಮರುದಿನವೇ ಸೂಜಿ ಮಾಡಿಸಿಕೊಂಡು ಬಂದಳು. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಮುಂದಿನ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಗುಂಡಗೆ ಸುತ್ತಿದ್ದಾಳೆ. ದವಾಖಾನೆಯವರು ಕೊಟ್ಟ ಕಾರ್ಡಿನಲ್ಲಿ ಹೆಸರಿನ ಜಾಗ ಮಾತ್ರ ಇನ್ನೂ ಖಾಲಿ ಇದೆ.